ಎಂಜಿನ್ನಿನ ಮೊದಲ ಬಣ್ಣ

ತಾಂಬರಂನಿಂದ ದಕ್ಷಿಣಕ್ಕೆ ಲೋಕಲ್ ರೈಲು ಹತ್ತಿದರೆ ಮೊದಲು ಪೆರುಂಗಳತ್ತೂರು, ಅನಂತರ ವಂಡಲೂರು. ಇಂದು ವಂಡಲೂರೆಂದರೆ ನಮ್ಮ ಮಕ್ಕಳಿಗೆ ಮೃಗಾಲಯದ ನೆನಪು. ಹಿರಿಯರಿಗಾದರೋ ಅದು ಮೋಟಾರು ಕಾರಿನ ಊರು. ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಕಂಪನಿಯ ಸಹಯೋಗದಿಂದ 1948ರಲ್ಲಿ ಹುಟ್ಟಿದ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆಯ ಕಾರ್ಖಾನೆ ಇಲ್ಲಿತ್ತು. ವ್ಯಾನ್‌ಗಾರ್ಡ್, ಟೆನ್, ಪೆನೆಂಟ್‌ಗಳಾದ ಮೇಲೆ 1961ರಲ್ಲಿ 948 ಸಿಸಿ ಎಂಜಿನ್ನಿನ ಹೆರಾಲ್ಡ್ ಬಂದಿತು. ಮುಂದೆ ಬಂದ ನಾಲ್ಕು ಬಾಗಿಲಿನ ಹೆರಾಲ್ಡ್ ಭಾರತದಲ್ಲಿ ಮಾತ್ರ ತಯಾರಾದದ್ದು. ಆ ಕಾರ್ಖಾನೆ ಈಗಿಲ್ಲ.

ನಮ್ಮ ಪರಿಚಯದ ಹಾಸನದ ಕಡೆಯ ಕುಟುಂಬವೊಂದರಲ್ಲಿ ಅಂಥದೊಂದು ಹೆರಾಲ್ಡ್ ಇದೆ. ಮಗನಿಗೆ ಅದನ್ನು ಹಳೆಯ ಕಾರುಗಳ ಮೆರವಣಿಗೆಗೆ ಒಯ್ಯುವ ಆಸೆ. ರಿಪೇರಿಗೆ ಕೊಟ್ಟ ಕಡೆ ಎಂಜಿನ್ನಿಗೆ ಮರಳು ಹೊಡೆದು, ಹಳೆಯದನ್ನೆಲ್ಲ ಕಿತ್ತು, ಥಳಥಳಿಸುವ ಬೆಳ್ಳಿ ಬಣ್ಣ ಬಳಿದುಬಿಟ್ಟರು. ಆಯುಧಪೂಜೆಯ ದಿನ ಕುಂಕುಮವಿಡಲು ಬಂದ ತಾಯಿ ಬಾನೆಟ್ಟಿನೊಳಗೆ ನೋಡಿ, “ಇದು ಯಾರ ಮನೆ ಗಾಡಿಯಪ್ಪಾ? ನಿಮ್ಮಪ್ಪ ಒರೆಸುತ್ತಿದ್ದ ಎಂಜಿನ್ ಇದಲ್ಲ” ಎಂದರು. ಮಗ ಬಣ್ಣದ ಡಬ್ಬಿಗೆ ಕೊಟ್ಟ ಹಣದ ಲೆಕ್ಕ ಹೇಳಬಲ್ಲವನಾಗಿದ್ದ. ಈ ಮಾತಿಗೆ ಉತ್ತರ ಹೇಳಲಾರದೆ ಹೋದ.

ಎಂಜಿನ್ನಿಗೂ ಬಣ್ಣದ ಇತಿಹಾಸವೇ ಎಂದು ಓದುಗರು ನಗಬಾರದು. ಎರಕದ ಕಬ್ಬಿಣ ತುಕ್ಕು ಹಿಡಿಯದಿರಲೆಂದು ಹಚ್ಚಿದ ಬಣ್ಣವೇ ಕಾಲಕ್ರಮದಲ್ಲಿ ತಯಾರಕರ ಗುರುತೂ ಆಯಿತು. 1928ರಿಂದ 1931ರವರೆಗಿನ ಫೋರ್ಡ್ ‘ಎ’ ಮಾದರಿಯ ಎಂಜಿನ್ ಹಸಿರು. ಮಾರಿಸ್ ಮೈನರ್ ಕಾರಿನ ಎಂಜಿನ್ನಿನದೂ ಹಸಿರೇ, ಆದರೆ ಅದು ಬೇರೆಯ ಹಸಿರು. ಎಂಜಿ ಸ್ಪೋರ್ಟ್ಸ್ ಕಾರಿಗೆ ಬಹುಕಾಲ ಕೆಂಗಂದು. ಜಾಗ್ವಾರ್ ಕಂಪನಿಯಂತೂ ಸಿಲಿಂಡರ್ ಹೆಡ್ಡಿನ ಬಗೆಗೆ ತಕ್ಕಂತೆ ಬಣ್ಣ ಬದಲಿಸುತ್ತಿತ್ತು. ತಪ್ಪು ಬಣ್ಣ ಬಳಿದರೆ ಎಂಜಿನ್ ತನ್ನ ಕುಲಗೋತ್ರವನ್ನೇ ಸುಳ್ಳು ಹೇಳಿದಂತೆ.

ಹಾಗಾದರೆ ಕಳೆದ ಬಣ್ಣವನ್ನು ಹುಡುಕುವುದೆಂತು? ಬಿಸಿಲು, ಬೆಂಕಿ, ಕುಂಚ ಮೂರೂ ಮುಟ್ಟದ ಮೂಲೆಗಳಲ್ಲಿ ನೋಡಬೇಕು. ಎಂಜಿನ್ ಕೂರುವ ಮೌಂಟಿಂಗಿನ ಅಡಿ, ನಂಬರಿನ ತಗಡಿನ ಹಿಂಭಾಗ, ಡೈನಮೋ ಬ್ರಾಕೆಟ್ಟಿನ ಬೆನ್ನು ಇಂಥವು. ಜಿಡ್ಡನ್ನು ಸೀಮೆಎಣ್ಣೆಯಿಂದ ಮೆಲ್ಲಗೆ ತೊಳೆದು, ನಯವಾದ ಉಪ್ಪುಕಾಗದದಿಂದ ಚಿಕ್ಕ ವೃತ್ತವಾಗಿ ಉಜ್ಜಿದರೆ, ಮರದ ಕಾಂಡದ ಉಂಗುರಗಳಂತೆ ಒಂದೊಂದು ಕಾಲದ ಬಣ್ಣ ಕಾಣುತ್ತದೆ. ಲೋಹಕ್ಕೆ ಅಂಟಿದ ಕೊನೆಯ ಪದರವೇ ಸಾಮಾನ್ಯವಾಗಿ ಮೊದಲನೆಯದು. ಶಾಖಕ್ಕೆ ಕಪ್ಪಾಗಿರುವುದರಿಂದ ಒಂದೇ ಕಡೆ ನೋಡಿ ನಂಬಬಾರದು.

ನಾವೂ ಹಾಗೆಯೇ ಹುಡುಕಿದೆವು. ಬಿಚ್ಚದೆ ಉಳಿದಿದ್ದ ಬ್ರಾಕೆಟ್ಟಿನ ಹಿಂದೆ ಎಂಟಾಣೆಯಷ್ಟಗಲ ಹಳೆಯ ಬಣ್ಣ ಸಿಕ್ಕಿತು. ಅದು ಬೂದಿಯೋ ಹಸಿರೋ ಎಂದು ನಾವಿಬ್ಬರೂ ವಾದಿಸುತ್ತಿದ್ದಾಗ ಆ ತಾಯಿ ಕನ್ನಡಕ ಏರಿಸಿ ನೋಡಿ, “ಇದೇ” ಎಂದಷ್ಟೇ ಹೇಳಿದರು. ಅದಕ್ಕೆ ಹೊಂದುವಂತೆ ಬಣ್ಣ ಬೆರೆಸಿ ಬಳಿಸಿದ್ದಾಯಿತು. ಸಿಕ್ಕ ಆ ತುಣುಕನ್ನು ಮಾತ್ರ ಮುಚ್ಚಲಿಲ್ಲ.

ಇದು ನನ್ನ ಕಸುಬಿನಿಂದ ಬಂದ ಬುದ್ಧಿ. ಬ್ಯಾಂಕಿನ ಲೆಡ್ಜರಿನಲ್ಲಿ ತಪ್ಪಾದರೆ ಕೆರೆದು ಅಳಿಸುವಂತಿರಲಿಲ್ಲ. ಹಿಂದಿನದು ಓದಲು ಬರುವಂತೆ ಗೆರೆ ಎಳೆದು, ಸರಿಯಾದುದನ್ನು ಬರೆದು, ಸಹಿ ಹಾಕಬೇಕಿತ್ತು. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದಿನ ಆಶಯವೂ ಇದೇ: ಮಾಡಿದ ಕೆಲಸಕ್ಕೆ ದಾಖಲೆಯಿರಲಿ, ಉಳಿದ ಮೂಲ ಉಳಿಯಲಿ. ನಮ್ಮ ಸರ್ಕಾರ 2021ರಲ್ಲಿ ತಂದ ನಿಯಮದಂತೆ, ಐವತ್ತು ವರ್ಷ ದಾಟಿ ಮೂಲರೂಪದಲ್ಲಿರುವ ವಾಹನಕ್ಕೆ 20,000 ರೂಪಾಯಿ ಶುಲ್ಕದ ಮೇಲೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿಯುಂಟು. ಚಾಸಿ, ಬಾಡಿ, ಎಂಜಿನ್ನುಗಳನ್ನು ಕಾನೂನು ನೋಡಿಕೊಂಡೀತು. ಬಣ್ಣದ ಸತ್ಯವನ್ನು ಮನೆಯವರೇ ಕಾಯಬೇಕು.

ಊರು ಬಿಟ್ಟು ಬಂದ ನಮ್ಮ ಮೇಲೂ ಹೊಸ ಬಣ್ಣಗಳು ಕೂತಿವೆ, ಅದು ತಪ್ಪಲ್ಲ. ಮನೆಯ ಯಾವುದೋ ಮೂಲೆಯಲ್ಲಿ ಎಂಟಾಣೆಯಗಲವಾದರೂ ಮೊದಲ ಬಣ್ಣ ಉಳಿದಿರಲಿ. ಮಕ್ಕಳು ಕೇಳಿದ ದಿನ “ಇದೇ” ಎಂದು ತೋರಿಸಲು ಅಷ್ಟು ಸಾಕು.