ಟ್ರ್ಯಾಕ್ಟರಿಗೂ ಸೋಮವಾರ

ಎಚ್.ಎಂ.ಟಿ. ಎಂದೊಡನೆ ತಮಗೆ ಕೈಗಡಿಯಾರ ನೆನಪಾದೀತು. ನನಗೆ ನೆನಪಾಗುವುದು ಟ್ರ್ಯಾಕ್ಟರು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಆ ಸಂಸ್ಥೆ, 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಚೆಕೊಸ್ಲೊವಾಕಿಯದ ಮೊಟೊಕೊವ್ ಸಂಸ್ಥೆಯ ನೆರವಿನಿಂದ 25 ಕುದುರೆ ಶಕ್ತಿಯ ಟ್ರ್ಯಾಕ್ಟರುಗಳ ತಯಾರಿಕೆಗೆ ತೊಡಗಿತು. ಅಂಥದೊಂದು ಹಳೆಯ ಯಂತ್ರ ನನ್ನ ಬಾಲ್ಯದಲ್ಲಿ ನಮ್ಮ ಮನೆಗೂ ಬಂದಿತು.

ಎರಡು ಜೊತೆ ಎತ್ತುಗಳು ವಾರವಿಡೀ ಉಳುತ್ತಿದ್ದ ಹೊಲ ಒಂದೇ ದಿನದಲ್ಲಿ ಹದವಾಗತೊಡಗಿತು. ಆದರೆ ಮುಯ್ಯಾಳಿನ ಪದ್ಧತಿ ಹಿಂದೆ ಸರಿಯಿತು. ಇಂದು ನಿಮ್ಮ ಹೊಲಕ್ಕೆ ನಮ್ಮ ಎತ್ತು, ನಾಳೆ ನಮ್ಮ ಹೊಲಕ್ಕೆ ನಿಮ್ಮ ಎತ್ತು ಎಂಬ ಲೆಕ್ಕ ಹೋಗಿ, ಗಂಟೆಗಿಷ್ಟು ಬಾಡಿಗೆ ಎಂಬ ಲೆಕ್ಕ ಬಂದಿತು. ನೆರೆಯವರಿಂದ ಆ ಹಣ ಪಡೆಯುವಾಗ ತಂದೆಯವರು ಅವರ ಮುಖ ನೋಡುತ್ತಿರಲಿಲ್ಲ.

ಸೋಮವಾರ ಬಸವಣ್ಣನ ದಿನ. ಅಂದು ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಕೊಟ್ಟಿಗೆ ಬರಿದಾದ ಮೇಲೂ ತಂದೆಯವರು ಸೋಮವಾರ ಟ್ರ್ಯಾಕ್ಟರು ಹೂಡಲಿಲ್ಲ.

“ಕಬ್ಬಿಣಕ್ಕೆ ದಣಿವುಂಟೇ ಅಪ್ಪಾ?” ಎಂದು ಕೇಳಿದ್ದೆ.

“ಅದು ಬಂದದ್ದು ಎತ್ತಿನ ಜಾಗಕ್ಕಲ್ಲವೇ, ಮಗಾ?” ಎಂದಿದ್ದರು.

2016ರಲ್ಲಿ ಆ ಟ್ರ್ಯಾಕ್ಟರು ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ನಮ್ಮ ಯಂತ್ರ ಹುಣಿಸೆಮರದಡಿ ನಿಂತಿದೆ. ಅದಕ್ಕೀಗ ವಾರದ ಏಳು ದಿನವೂ ಸೋಮವಾರ.