ಚಾಲಕ ಸಹಾಯಕ ತಂತ್ರಜ್ಞಾನವುಳ್ಳ ವಾಹನಗಳ ಅಪಘಾತ: ವರದಿ ಮಾಡುವ ವಿಧಾನ

ತಾನಾಗಿಯೇ ಬ್ರೇಕ್ ಹಾಕುವ, ಪಥ ತಪ್ಪಿದಾಗ ಎಚ್ಚರಿಸುವ ಸಾಧನಗಳು ವಾಹನದಲ್ಲಿದ್ದರೂ ಅಪಘಾತದ ಸಂದರ್ಭದಲ್ಲಿ ಚಾಲಕರ ಕರ್ತವ್ಯಕ್ಕೆ ಯಾವುದೇ ವಿನಾಯಿತಿ ಇರುವುದಿಲ್ಲ. ವ್ಯಕ್ತಿಗೆ ಗಾಯ ಅಥವಾ ಇತರರ ಸ್ವತ್ತಿಗೆ ಹಾನಿಯಾದಲ್ಲಿ, ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 134ರನ್ವಯ ಚಾಲಕರು:

1. ಗಾಯಾಳುವಿಗೆ ಹತ್ತಿರದ ವೈದ್ಯರಿಂದ ಅಥವಾ ಆಸ್ಪತ್ರೆಯಲ್ಲಿ ಚಿಕಿತ್ಸೆ ದೊರಕಿಸತಕ್ಕದ್ದು.

2. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದಲ್ಲಿ ಸಮೀಪದ ಠಾಣೆಗೆ (ಹರಿಹರಪುರದಲ್ಲಾದರೆ ಹರಿಹರಪುರ ಪೊಲೀಸ್ ಠಾಣೆಗೆ) ಆದಷ್ಟು ಬೇಗನೆ, ಯಾವುದೇ ಸಂದರ್ಭದಲ್ಲಿ 24 ಗಂಟೆಗಳೊಳಗೆ ವರದಿ ಮಾಡತಕ್ಕದ್ದು.

3. ಪಾಲಿಸಿ ಸಂಖ್ಯೆ, ಅಪಘಾತದ ದಿನಾಂಕ, ಸಮಯ, ಸ್ಥಳ, ಗಾಯಾಳುಗಳ ಹಾಗೂ ಚಾಲನಾ ಪರವಾನಗಿಯ ವಿವರಗಳನ್ನು ವಿಮಾ ಸಂಸ್ಥೆಗೆ ಲಿಖಿತವಾಗಿ ನೀಡತಕ್ಕದ್ದು.

ತಪ್ಪಿದಲ್ಲಿ ಕಲಂ 187ರ ಮೇರೆಗೆ ಮೊದಲ ಅಪರಾಧಕ್ಕೆ 6 ತಿಂಗಳವರೆಗಿನ ಕಾರಾವಾಸ ಅಥವಾ ರೂ. 5,000 ವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ, ಮಾಹಿತಿ ಬಂದ 48 ಗಂಟೆಗಳೊಳಗೆ ಪೊಲೀಸರು ನಮೂನೆ-1ರಲ್ಲಿ ಪ್ರಥಮ ಅಪಘಾತ ವರದಿಯನ್ನು ಕ್ಲೇಮು ನ್ಯಾಯಮಂಡಳಿಗೆ ಕಳುಹಿಸಬೇಕಾಗಿದೆ. ಚಾಲಕರು ವರದಿ ಮಾಡಲು ತಡಮಾಡಿದಷ್ಟೂ ನೊಂದ ಕುಟುಂಬದ ಪರಿಹಾರ ವಿಳಂಬವಾಗುತ್ತದೆ.

ಸಹಾಯಕ ಸಾಧನವು ಆ ವೇಳೆಯಲ್ಲಿ ಕಾರ್ಯನಿರತವಾಗಿತ್ತೇ ಎಂಬುದನ್ನೂ ಹೇಳಿಕೆಯಲ್ಲಿ ನಮೂದಿಸುವುದು ಸೂಕ್ತ. ಕಲಂ 136ರನ್ವಯ ಅಧಿಕೃತ ಅಧಿಕಾರಿಯು ವಾಹನವನ್ನು ತಪಾಸಣೆ ಮಾಡಬಹುದಾದ್ದರಿಂದ, ಅದಕ್ಕೆ ಮುನ್ನ ದುರಸ್ತಿ ಮಾಡಿಸಬಾರದಾಗಿ ಕೋರಲಾಗಿದೆ.