ಬರ ಬೇರೆ, ಕ್ಷಾಮ ಬೇರೆ

ಗುಬ್ಬಿ ತಾಲ್ಲೂಕಿನ ನಮ್ಮ ಊರಿನಲ್ಲಿ ನಾನು ಹುಡುಗನಾಗಿದ್ದ ಕಾಲಕ್ಕೆ ವಯಸ್ಸಾದವರು ಇಸವಿ ಹೇಳುವ ವಾಡಿಕೆ ಇರಲಿಲ್ಲ. ಯಾವುದಾದರೂ ವಸ್ತು ತೀರ ಹಳೆಯದೆಂದು ಸೂಚಿಸಬೇಕಾದರೆ ನಮ್ಮಜ್ಜಿ, 'ಅದು ಧಾತು ಈಶ್ವರಕ್ಕಿಂತ ಹಿಂದಿನದು' ಎನ್ನುತ್ತಿದ್ದರು. ಧಾತು ಈಶ್ವರನೆಂಬುದು ಯಾವುದೋ ಊರಿನ ದೇವರಿರಬೇಕೆಂದು ನಾನು ಬಹುಕಾಲ ಭಾವಿಸಿದ್ದೆ. ಅವು ಅರವತ್ತು ಸಂವತ್ಸರಗಳ ಸಾಲಿನಲ್ಲಿ ಒಂದರ ಬೆನ್ನಿಗೊಂದು ಬರುವ ಎರಡು ಸಂವತ್ಸರಗಳೆಂದೂ, ಅಜ್ಜಿ ಹೇಳುತ್ತಿದ್ದ ಧಾತು ಈಶ್ವರ 1876ರ ಯುಗಾದಿಯಿಂದ 1878ರ ಯುಗಾದಿಯವರೆಗಿನ ಕಾಲವೆಂದೂ, ಹಳೆಯ ಮೈಸೂರು ಸಂಸ್ಥಾನವನ್ನು ನಡುಗಿಸಿದ ಮಹಾಕ್ಷಾಮದ ಹೆಸರೇ ಅದೆಂದೂ ತಿಳಿದದ್ದು ಕಾಲೇಜಿಗೆ ಬಂದ ಮೇಲೆ.

ಬರಗಾಲವೆಂಬುದು ಕನ್ನಡ ನಾಡಿಗೆ ಹೊಸದಲ್ಲ. ನಮ್ಮ ಅತ್ಯಂತ ಹಳೆಯ ಗದ್ಯಗ್ರಂಥವಾದ ವಡ್ಡಾರಾಧನೆಯಲ್ಲೇ ಭದ್ರಬಾಹು ಭಟಾರರ ಕಥೆಯುಂಟು; ಹನ್ನೆರಡು ವರ್ಷದ ಕ್ಷಾಮ ಬರುವುದನ್ನು ಮೊದಲೇ ಅರಿತ ಗುರುವಿನ ಮಾತಿನಂತೆ ಮುನಿಸಮುದಾಯ ದಕ್ಷಿಣಾಪಥಕ್ಕೆ ಬಂದ ವೃತ್ತಾಂತ ಅದು. ಆದರೆ ನಾವು ಒಂದೇ ಉಸಿರಿನಲ್ಲಿ ಆಡುವ ಬರ, ಕ್ಷಾಮ ಎಂಬ ಎರಡು ಮಾತುಗಳ ನಡುವೆ ಒಂದು ಅಂತರವಿದೆ. ಬರ ಮುಗಿಲಿಗೆ ಸೇರಿದ್ದು. ಕ್ಷಾಮ ಮನೆಗೆ, ಸಂತೆಗೆ, ಸರ್ಕಾರಕ್ಕೆ ಸೇರಿದ್ದು. ಮಳೆ ಬಾರದಿರುವುದು ಬರ. ಮಳೆ ಬಾರದ್ದರಿಂದ ಮನುಷ್ಯನು ಸಾಯಬೇಕಾಗಿ ಬರುವುದು ಕ್ಷಾಮ. ಮೊದಲನೆಯದು ಯಾವಾಗ ಎರಡನೆಯದಾಗುತ್ತದೆ, ಯಾವಾಗ ಆಗುವುದಿಲ್ಲ ಎಂಬುದೇ ಇಂದಿನ ಮಾತಿನ ವಿಷಯ.

ಗುಬ್ಬಿಯ ನೆಲವನ್ನು ಕಂಡವರಿಗೆ ಅಲ್ಲಿಯ ಬದುಕಿನ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಶ್ಚಿಮಘಟ್ಟಗಳು ಮುಂಗಾರಿನ ಬಹುಪಾಲನ್ನು ತಾವೇ ಹೀರಿಕೊಂಡು, ಉಳಿದ ತೇವವನ್ನಷ್ಟೇ ಈ ಬಯಲಿನ ಕಡೆಗೆ ಬಿಡುತ್ತವೆ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ನದಿ ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಲ್ಲ. ಮಣ್ಣಿನ ಕೆಳಗೆ ಗಟ್ಟಿ ಕಲ್ಲು. ಇಂಥ ನೆಲದಲ್ಲಿ ನಮ್ಮ ಹಿರಿಯರು ಬದುಕಲು ಮೂರು ಉಪಾಯಗಳನ್ನು ಕಂಡುಕೊಂಡಿದ್ದರು.

ಒಂದು, ಕೆರೆ. ಒಂದು ಕೆರೆಯ ಕೋಡಿ ಬಿದ್ದ ನೀರು ಮುಂದಿನ ಕೆರೆಗೆ, ಅಲ್ಲಿಂದ ಅದರ ಮುಂದಿನದಕ್ಕೆ, ಹೀಗೆ ಸರಪಣಿಯಂತೆ ಹೆಣೆದುಕೊಂಡ ಕೆರೆಗಳು. ಮೈಸೂರು ಸಂಸ್ಥಾನದ ಭೂಭಾಗದಲ್ಲಿ ನೂರಕ್ಕೆ ಸುಮಾರು 60ರಷ್ಟನ್ನು ಜನ ತಮ್ಮ ತಾಳ್ಮೆಯ ದುಡಿಮೆಯಿಂದ ಕೆರೆಗಳ ಕಟ್ಟಳೆಗೆ ತಂದಿದ್ದಾರೆಂದು ಇಂಜಿನಿಯರ್ ಸ್ಯಾಂಕಿ 1866ರಲ್ಲಿ ಬೆರಗಾಗಿ ಬರೆದನು. ಶಿಂಷೆಯ ನೀರನ್ನು ತಡೆದು ನಿಲ್ಲಿಸಿದ ಕಡಬದ ಕೆರೆಯನ್ನು ಕಟ್ಟಿಸಿದವನು ಶ್ರೀರಾಮನೇ ಎಂದು ನಮ್ಮ ಸೀಮೆಯವರು ನಂಬಿದ್ದಾರೆ. ಕೆರೆಯನ್ನು ಕಟ್ಟಿದರಷ್ಟೇ ಆಗಲಿಲ್ಲ. ಏರಿಗೆ ಮಣ್ಣು ಹಾಕಬೇಕು, ಹೂಳು ತೆಗೆಯಬೇಕು, ತೂಬನ್ನು ಕಾಯಬೇಕು. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಈ ಕೆಲಸಕ್ಕೆಂದು ಬಿಟ್ಟ ಭೂಮಿಯ ಹೆಸರುಗಳು. ನೀರುಗಂಟಿಯು ಊರಿನ ಒಬ್ಬ ಮುಖ್ಯನಾಗಿದ್ದುದು ಈ ಕಾರಣದಿಂದಲೇ.

ಎರಡು, ಅಕ್ಕಡಿ. ರಾಗಿಯ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳುಗಳ ಸಾಲು. ಒಂದು ಮಳೆ ಕೈಕೊಟ್ಟರೆ ಒಂದು ಬೆಳೆ ಹೋಗಬಹುದು, ಎಲ್ಲವೂ ಹೋಗಲಾರದು. ರಾಗಿಯೇ ಹೋಯಿತೆನ್ನಿ, ಹಿಂಗಾರಿನ ನಾಲ್ಕು ಹನಿಗೆ ಹುರುಳಿ ಚೆಲ್ಲಬಹುದು. ತೀರ ಬಡನೆಲಕ್ಕೆ ಸಾಮೆ, ಹಾರಕ, ಕೊರಲೆ ಇದ್ದೇ ಇದ್ದವು.

ಮೂರು, ಹಗೇವು. ಈಗಿನ ಹುಡುಗರಿಗೆ ಈ ಮಾತೇ ತಿಳಿಯದು. ಗಟ್ಟಿ ನೆಲದಲ್ಲಿ ಗುಡಾಣದ ಆಕಾರಕ್ಕೆ ತೋಡಿದ ಗುಂಡಿ. ಒಬ್ಬನು ಇಳಿಯುವಷ್ಟೇ ಕಿರಿದಾದ ಬಾಯಿ. ಒಳಗೆ ಸುತ್ತಲೂ ಹುಲ್ಲು ಹೊದಿಸಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಎಷ್ಟೋ ವರ್ಷ ಹುಳು ಹಿಡಿಯದೆ ಉಳಿಯುತ್ತಿತ್ತು. ತೆರೆದ ಕೂಡಲೇ ಅದರೊಳಗೆ ಯಾರೂ ಇಳಿಯುತ್ತಿರಲಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುವ ಭಯ. ಮೊದಲು ಹಗ್ಗದಲ್ಲಿ ಒಂದು ದೀಪವನ್ನು ಇಳಿಸಿ, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ಈ ದೀಪದ ಮಾತನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಈ ಮೂರು ಉಪಾಯಗಳೂ ಒಂದು ವರ್ಷದ ಬರವನ್ನು ತಡೆದುಕೊಳ್ಳುವಷ್ಟು ಬಲವಾಗಿದ್ದವು. 1875ರಲ್ಲಿ ಮಳೆ ಕಡಿಮೆಯಾಗಿ ಬೆಳೆ ಕುಸಿದಾಗ ಜನ ಹಗೇವಿನ ರಾಗಿಯಿಂದಲೇ ಕಾಲ ಹಾಕಿದರು. ಧಾತು ಸಂವತ್ಸರದಲ್ಲಿ ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು. ಕೆರೆಗಳ ತಳ ಬಿರಿಯಿತು. ಈಶ್ವರದಲ್ಲೂ ಮುಂಗಾರು ಕಣ್ಣುಮುಚ್ಚಾಲೆಯಾಡಿತು. ಅದೇ ಕಾಲಕ್ಕೆ ಉತ್ತರ ಚೀನದಲ್ಲಿಯೂ ಬ್ರೆಜಿಲ್ಲಿನ ಈಶಾನ್ಯ ಭಾಗದಲ್ಲಿಯೂ ಭೀಕರ ಬರವಿತ್ತು. ಪೆಸಿಫಿಕ್ ಸಾಗರದ ನೀರು ಅಸಾಧಾರಣವಾಗಿ ಬೆಚ್ಚಗಾಗಿ ಲೋಕದ ಗಾಳಿ ಮಳೆಗಳ ಕ್ರಮವೇ ಕೆಡುವ ಎಲ್ ನಿನೋ ಎಂಬ ಸ್ಥಿತಿ ಆಗ ಬಹು ತೀವ್ರವಾಗಿತ್ತೆಂದು ವಿಜ್ಞಾನಿಗಳು ಈಗ ಹೇಳುತ್ತಾರೆ. ಮಳೆರಾಯನ ಮಣ್ಣಿನ ಬೊಂಬೆಯನ್ನು ತಲೆಯ ಮೇಲೆ ಹೊತ್ತು ಮನೆಮನೆಯ ಮುಂದೆ ನಿಂತು ನೀರು ಹುಯ್ಯಿಸಿಕೊಳ್ಳುವ ಹಳ್ಳಿಯ ಹುಡುಗರಿಗೆ, ತಮ್ಮ ಮಳೆಯ ಬೀಗದ ಕೈ ಅಷ್ಟು ದೂರದ ಸಮುದ್ರದಲ್ಲಿರುವುದು ಹೇಗೆ ತಿಳಿಯಬೇಕು?

ಆದರೆ ಸಮುದ್ರವು ಬರವನ್ನು ಮಾತ್ರ ತರಬಲ್ಲುದು. ಕ್ಷಾಮವನ್ನು ತಂದವರು ಬೇರೆ. ಆಗ ಮೈಸೂರು ಬ್ರಿಟಿಷ್ ಕಮಿಷನರ್‌ಗಳ ಆಳ್ವಿಕೆಯಲ್ಲಿತ್ತು. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದೆಂಬುದು ಹಿಂದೂಸ್ಥಾನ ಸರ್ಕಾರದ ದೃಢವಾದ ತತ್ತ್ವವಾಗಿತ್ತು. ನೆರೆಯ ಮದ್ರಾಸು ಪ್ರಾಂತದಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯ ಮಟ್ಟಕ್ಕೆ ಇಳಿಸಿದಾಗ, ಅಲ್ಲಿಯ ಆರೋಗ್ಯಾಧಿಕಾರಿಯೇ ಅದನ್ನು ಪ್ರತಿಭಟಿಸಬೇಕಾಯಿತು. ಮದ್ರಾಸಿನಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು; ಧಾನ್ಯವೂ ಅದರಲ್ಲಿ ಬಂದಿತು. ಬೆಂಗಳೂರಿನಿಂದಾಚೆಗೆ ಎತ್ತಿನ ಗಾಡಿಯೇ ಗತಿ. ಗಾಡಿ ಎಳೆಯಬೇಕಾದ ಎತ್ತುಗಳಿಗೆ ದಾರಿಯಲ್ಲಿ ಹುಲ್ಲಿಲ್ಲ, ನೀರಿಲ್ಲ. ತುಮಕೂರು ದಾಟಿ ಗುಬ್ಬಿಯವರೆಗೆ ಬಂದ ರಾಗಿಯಾದರೂ ಹಣವುಳ್ಳವನಿಗೆ ಮಾತ್ರ ರಾಗಿ. ಗುಬ್ಬಿಯ ಸಂತೆ ಸಾಮಾನ್ಯವಾದದ್ದಲ್ಲ; 1800ರಲ್ಲಿ ಇಲ್ಲಿಗೆ ಬಂದ ಬುಕನನ್ನನು ಅದನ್ನು ಗಮನಿಸಿ ಬರೆದಿದ್ದಾನೆ. ಆದರೆ ಸಂತೆಗೆ ಹಸಿವು ಕಾಣುವುದಿಲ್ಲ, ಕಾಸು ಕಾಣುತ್ತದೆ. ಹೊಲದಲ್ಲಿ ಕೆಲಸವಿಲ್ಲದ ಕೂಲಿಯವನಿಗೂ ಸೀರೆ ಕೊಳ್ಳುವವರಿಲ್ಲದ ನೇಕಾರನಿಗೂ ಕಾಸು ಎಲ್ಲಿಂದ ಬರಬೇಕು?

1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ 8,69,224ರಷ್ಟು ಇಳಿಯಿತು. ಎಂದರೆ ನೂರಕ್ಕೆ 17. ಸತ್ತವರಲ್ಲಿ ಹಲವರು ಹಸಿವಿನಿಂದಲ್ಲ, ಹಸಿದ ಮೈಯನ್ನು ಹಿಡಿದ ಜ್ವರ, ಕಾಲರಾಗಳಿಂದ ಸತ್ತರು. ಮಲೆನಾಡಿಗಿಂತ ಬಯಲುಸೀಮೆಯ ಜಿಲ್ಲೆಗಳೇ ಹೆಚ್ಚು ಬರಿದಾದವು.

ಈ ಅಂಕಿಗಳನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಆದರೆ ಅವುಗಳ ಅರ್ಥವನ್ನು ನನಗೆ ತಿಳಿಸಿದವರು ಅಜ್ಜಿ. ನಮ್ಮ ಮನೆಯ ಮುಂದಿನ ಹಗೇವನ್ನು ಇನ್ನು ಉಪಯೋಗವಿಲ್ಲವೆಂದು ತಂದೆಯವರು ಮುಚ್ಚಿಸಿದಾಗ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಮಣ್ಣು ಹೊತ್ತವರಲ್ಲಿ ನಾನೂ ಒಬ್ಬ. ಆ ರಾತ್ರಿ ಅಜ್ಜಿ ತಮ್ಮ ಅತ್ತೆಯಿಂದ ಕೇಳಿದ್ದನ್ನು ಹೇಳಿದರು. ಈಶ್ವರ ಸಂವತ್ಸರದಲ್ಲಿ ಆ ಅತ್ತೆ ಹೊಸದಾಗಿ ಬಂದ ಸೊಸೆ. ತಲೆಮಾರುಗಳಿಂದ ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಮನೆಯೊಂದರ ಹೆಂಗಸು ಮೊರ ಹಿಡಿದು ಬಾಗಿಲಿಗೆ ಬಂದಳು. ಮನೆಯ ಯಜಮಾನರು, 'ಹಗೇವು ಬರಿದಾಯಿತು ಕಣಮ್ಮ' ಎಂದರು. ಮಾರನೆಯ ದಿನವೂ ಬಂದಳು, ಅದರ ಮಾರನೆಯ ದಿನವೂ. ಮೂರನೆಯ ದಿನ ನಡುರಾತ್ರಿಯಲ್ಲಿ ಎಚ್ಚರಗೊಂಡ ಸೊಸೆ, ಹಗೇವಿನ ಬಾಯಿಗೆ ಹಗ್ಗದಲ್ಲಿ ದೀಪ ಇಳಿಯುತ್ತಿದ್ದುದನ್ನು ಕಂಡಳು. ಬರಿದಾದ ಹಗೇವಿಗೆ ಯಾರೂ ದೀಪ ಇಳಿಸುವುದಿಲ್ಲ. ನಾಲ್ಕನೆಯ ದಿನದಿಂದ ಆ ಹೆಂಗಸು ಬರಲಿಲ್ಲ. ಮಳೆ ಬಂದ ಮೇಲೆ ನೋಡಿದರೆ ಆ ಮನೆಯಲ್ಲಿ ಯಾರೂ ಇರಲಿಲ್ಲ.

ಯಜಮಾನರು ಕ್ರೂರಿಯಾಗಿರಲಿಲ್ಲವೆಂದೂ, ಮನೆಯಲ್ಲಿ ಹದಿನಾಲ್ಕು ಜನರಿದ್ದರೆಂದೂ, ಮುಂದಿನ ಮಳೆ ಯಾವಾಗಲೆಂದು ಯಾರಿಗೆ ಗೊತ್ತಿತ್ತೆಂದೂ ಅಜ್ಜಿಯೇ ಸಮಾಧಾನ ಹೇಳಿದರು. ಅದೆಲ್ಲ ನಿಜವಿರಬಹುದು. ನಾನು ಹುಟ್ಟಿದ ಮನೆತನ ಉಳಿದದ್ದು ಆ ರಾಗಿಯಿಂದ ಎಂಬುದೂ ನಿಜ. ಹಿಂದಿನವರ ಹಗೇವು, ಅಕ್ಕಡಿಗಳನ್ನು ಹೊಗಳುವ ಭಾಷಣಗಳನ್ನು ನಾನು ಬಹಳ ಕೇಳಿದ್ದೇನೆ, ಮಾಡಿಯೂ ಇದ್ದೇನೆ. ಹೊಲವಿದ್ದವನಿಗೆ ಅಕ್ಕಡಿ, ರಾಗಿ ಮಿಕ್ಕವನಿಗೆ ಹಗೇವು ಎಂಬುದನ್ನು ಆ ಭಾಷಣಗಳಲ್ಲಿ ಹೇಳುವುದಿಲ್ಲ.

ಕ್ಷಾಮದ ತರುವಾಯ ಸರ್ಕಾರಗಳು ಕೆಲವು ಪಾಠ ಕಲಿತವು. 1880ರ ಕ್ಷಾಮ ಆಯೋಗದ ವರದಿಯ ಬೆನ್ನಿಗೆ 1883ರಲ್ಲಿ ಕ್ಷಾಮ ಸಂಹಿತೆ ರೂಪುಗೊಂಡಿತು; ಬರ ಬಂದಾಗ ಜನಕ್ಕೆ ಕೆಲಸ ಕೊಡುವುದು, ಕೆಲಸ ಮಾಡಲಾರದವರಿಗೆ ಅನ್ನ ಕೊಡುವುದು ಆಡಳಿತದ ಕರ್ತವ್ಯವೆಂಬ ಭಾವನೆ ಅಲ್ಲಿಂದ ಬೇರೂರಿತು. 1881ರಲ್ಲಿ ಸಂಸ್ಥಾನ ಅರಸರಿಗೆ ಮರಳಿದಾಗ ಕ್ಷಾಮದ 80 ಲಕ್ಷ ರೂಪಾಯಿ ಸಾಲವೂ ಜೊತೆಗೆ ಬಂದಿತು. ಆದರೂ ದಿವಾನ್ ರಂಗಾಚಾರ್ಲು ರೈಲುಮಾರ್ಗಗಳನ್ನು ಕೈಬಿಡಲಿಲ್ಲ. ಧಾನ್ಯ ಒಳನಾಡಿಗೆ ತಲುಪದಿದ್ದುದೇ ಸಾವಿಗೆ ಕಾರಣವೆಂಬುದು ಕಣ್ಣೆದುರಿಗಿತ್ತು. 1884ರಲ್ಲಿ ರೈಲು ತುಮಕೂರನ್ನು ದಾಟಿ ಗುಬ್ಬಿಗೆ ಬಂದಿತು. ಅದೇ ವರ್ಷ ಗುಬ್ಬಿಯಲ್ಲಿ ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ನಾಟಕ ಕಂಪನಿಯೊಂದು ಹುಟ್ಟಿತು. ಮುಂದೆ ವೀರಣ್ಣನವರಿಂದ ಅದು ನಾಡಿನ ಕೀರ್ತಿಯಾಯಿತು. ಒಂದು ಇನ್ನೊಂದಕ್ಕೆ ಕಾರಣವೆಂದು ನಾನು ಹೇಳುವುದಿಲ್ಲ. ಗಂಜಿಗೆ ಸಾಲು ನಿಂತ ಸೀಮೆಯ ಜನ ಏಳೇ ವರ್ಷದಲ್ಲಿ ಬಣ್ಣ ಹಚ್ಚಿ ರಂಗಕ್ಕೆ ಬಂದರೆಂಬುದು ಮನಸ್ಸಿಗೆ ಹಿತವಾದ ಸಂಗತಿ, ಅಷ್ಟೆ.

ಸ್ವಾತಂತ್ರ್ಯಾನಂತರವೂ ಬರಗಳು ಬಂದಿವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಆದರೆ ಧಾತು ಈಶ್ವರ ಮರುಕಳಿಸಲಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯವಿತ್ತು. 2005ರ ಉದ್ಯೋಗ ಖಾತರಿ ಕಾಯಿದೆಯ ಮೂಲಕ, ಕ್ಷಾಮ ಸಂಹಿತೆಯಲ್ಲಿ ಸರ್ಕಾರದ ಕರ್ತವ್ಯವಾಗಿದ್ದ ಕೆಲಸವು ಹಳ್ಳಿಯ ಬಡವನ ಹಕ್ಕಾಗಿತ್ತು. ಕೊರತೆಗಳು ಎಷ್ಟೇ ಇರಲಿ, ನ್ಯಾಯಬೆಲೆ ಅಂಗಡಿಯು ಊರಿಗೆಲ್ಲ ಬಾಯಿ ತೆರೆದ ಹಗೇವು. ಬರ ಬಂದರೂ ಕ್ಷಾಮ ಬಾರದಂತೆ ತಡೆಯಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತೆ? ಮುಗಿಯಲಿಲ್ಲ. ರಾಗಿಯ ಜಾಗಕ್ಕೆ ಈಗ ನೀರು ಬಂದಿದೆ. ಗೊರೂರಿನಲ್ಲಿ 1979ರಲ್ಲಿ ಮುಗಿದ ಅಣೆಕಟ್ಟಿನಿಂದ ಹೇಮಾವತಿಯ ನಾಲೆ ನಮ್ಮ ತಾಲ್ಲೂಕಿಗೆ ಬಂದಿದೆ. ಅದೇ ನೀರನ್ನು ಸಂಪರ್ಕ ನಾಲೆಯಿಂದ ಕುಣಿಗಲ್ ಕಡೆಗೆ ಒಯ್ಯುವ ಯೋಜನೆಯ ವಿರುದ್ಧ 2024-25ರಲ್ಲಿ ಗುಬ್ಬಿ ಸೀಮೆಯ ರೈತರು ಬೀದಿಗಿಳಿದರು. ಕುಣಿಗಲ್ಲಿನವರ ಬಾಯಾರಿಕೆಯೂ ಬಾಯಾರಿಕೆಯೇ. ನಾಲೆ ಮುಟ್ಟದ ಕಡೆ ಕೊಳವೆಬಾವಿ. ಕೊಳವೆಬಾವಿ ಬಂದ ಮೇಲೆ ಕೆರೆಯ ಹೂಳು ಯಾರ ಚಿಂತೆಯೂ ಅಲ್ಲದಾಯಿತು, ನೀರುಗಂಟಿಯ ಹೆಸರೂ ಮರೆತುಹೋಯಿತು.

ಇದನ್ನು ಹೇಳುವಾಗ ನಾನು ಹೊರಗೆ ನಿಂತವನಲ್ಲ. ನಿವೃತ್ತಿಗೆ ಕೆಲವು ವರ್ಷ ಮುಂಚೆ ಊರಿನ ತೆಂಗಿನ ತೋಟ ಒಣಗತೊಡಗಿದಾಗ ನಾನೂ ಸಾಲ ಮಾಡಿ ಏಳುನೂರು ಅಡಿ ಕೊರೆಸಿದೆ. ನೀರು ಬಂದಿತು, ತೋಟ ಉಳಿಯಿತು. ಪಕ್ಕದ ಎರಡು ಎಕರೆಯ ರೈತನ ತೆರೆದ ಬಾವಿ ಆ ಬೇಸಿಗೆಯಲ್ಲೇ ಬತ್ತಿತು. ಆತ ಜಗಳವಾಡಲಿಲ್ಲ. ಒಂದೆರಡು ಸಲ ಬಂದು, 'ಮೇಷ್ಟ್ರೇ, ವಾರಕ್ಕೊಂದು ದಿನ ನಮ್ಮ ಕಡೆಗೆ ನೀರು ಬಿಡಬಹುದಾ?' ಎಂದು ಕೇಳಿದ. 'ನಮಗೇ ಸಾಲದು' ಎಂದೆ. ಆ ಮಾತು ಬಾಯಿಂದ ಹೊರಟಾಗ ಏನೂ ಅನಿಸಲಿಲ್ಲ. ರಾತ್ರಿ ತೋಟಕ್ಕೆ ಹೋಗಿ ಮೋಟಾರಿನ ಗುಂಡಿ ಒತ್ತಿದಾಗ ಪೆಟ್ಟಿಗೆಯ ಮೇಲಿನ ಸಣ್ಣ ಕೆಂಪು ದೀಪ ಹತ್ತಿಕೊಂಡಿತು. ಅಜ್ಜಿ ಹೇಳಿದ ದೀಪ ನೆನಪಾಯಿತು.

ಮಾರನೆಯ ದಿನ ಹೋಗಿ ಅವನನ್ನು ಕರೆದೆ. ವಾರಕ್ಕೆರಡು ದಿನ ನೀರು ಅವನ ಹೊಲಕ್ಕೆ ಹೋಗುತ್ತದೆ. ನಮ್ಮ ತೋಟದ ಹತ್ತಾರು ಮರ ಅದರಿಂದ ಸೊರಗಿದ್ದೂ ಉಂಟು. ಇದು ದೊಡ್ಡತನವಲ್ಲ, ನೆಲದ ಕೆಳಗಿನ ನೀರು ಬೇಲಿಯನ್ನು ಅರಿಯದು, ಅದರಲ್ಲಿ ಅವನ ಪಾಲೂ ಇತ್ತು. ಆದರೆ ಒಬ್ಬನ ಮನಸ್ಸು ಕರಗಿದ ಮಾತ್ರಕ್ಕೆ ಊರಿನ ಬರ ನೀಗುವುದಿಲ್ಲ. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳ ಕಾನೂನು ಮಾಡಿತು. ಕೆರೆ ಊರಿನದಾದ್ದರಿಂದ ಲೆಕ್ಕವೂ ಊರಿನದಾಗಲೆಂಬುದು ಅದರ ಆಶಯ. ಕೊಳವೆಬಾವಿಯ ನೀರಿಗೂ ಅಂಥದೊಂದು ಲೆಕ್ಕವನ್ನು ಊರೂರೂ ಇಟ್ಟುಕೊಳ್ಳಬೇಕಾಗಿದೆ: ಎಷ್ಟು ಬಿದ್ದಿತು, ಎಷ್ಟು ಇಂಗಿತು, ಯಾರು ಎಷ್ಟು ಎತ್ತಿದರು. ಅದನ್ನು ಬರೆದಿಡಬೇಕಾದದ್ದು ಕೆರೆ ತುಂಬಿದ ವರ್ಷದಲ್ಲಿ. ಕೆರೆ ಒಣಗಿದ ವರ್ಷ ಪ್ರತಿಯೊಬ್ಬನಿಗೂ ತನ್ನ ಮನೆಯ ಹದಿನಾಲ್ಕು ಜನ ಮಾತ್ರ ಕಾಣುತ್ತಾರೆ.

(ಬಾನುಲಿ ಭಾಷಣ)